ಹತ್ತಕ್ಕೆ ಹತ್ತು

ಬೆಳಿಗ್ಗೆ ಮಂಜು, ಗಟ್ಟಿ ಮೊಸರಿನಂಥ ಮಂಜು, ರೈಲು ಚನ್ನಪಟ್ಟಣ ಬಿಟ್ಟಮೇಲೆ ಕಿಟಕಿಯಾಚೆ ಲೋಕವೇ ಇರಲಿಲ್ಲ, ರಾಮನಗರ ಬಂತು ಅಂತ ಜನ ಎದ್ದರು, ಇಳಿದರು, ಬಂಡೆಗಳು ಮಾತ್ರ ಕಾಣಲಿಲ್ಲ, ಹೋದಾಗ ಬಂದಾಗ ನೋಡಿಯೂ ನೋಡದ ಹಾಗೆ ಬಿಟ್ಟುಬಿಡುವ ಬಂಡೆಗಳನ್ನು ಇವತ್ತು ಕಣ್ಣು ತಾನಾಗಿ ಹುಡುಕಿತು, ಅಷ್ಟು ದೊಡ್ಡದನ್ನೂ ಒಂದು ಬೆಳಗಿನ ಮಟ್ಟಿಗೆ ಇಲ್ಲ ಅನ್ನಿಸಿಬಿಡಬಹುದು — ಈಗ ಬೆಂಗಳೂರಿನ ಈ ಆಸ್ಪತ್ರೆಯ ನಾಲ್ಕನೇ ಮಹಡಿಯ ಕಿಟಕಿಗೂ ಅದೇ ಮಂಜು ಬಂದು ಕೂತಿದೆ, ನನ್ನ ಹಿಂದೆಯೇ ಅದೇ ರೈಲಿನಲ್ಲಿ ಬಂದ ಹಾಗೆ, ಹತ್ತು ಗಂಟೆಯಾದರೂ ಬಿಸಿಲಿಗೆ ಮನಸ್ಸಿಲ್ಲ. ಎರಡು ಕೈಯನ್ನೂ ಚಾಚಿ ಒರಗುಕುರ್ಚಿಯಲ್ಲಿ ಬಿದ್ದಿದ್ದೇನೆ, ಎಡಗೈಯ ಸೂಜಿಯಿಂದ ರಕ್ತ ಹೋಗುತ್ತದೆ, ಬಲಗೈಯ ಸೂಜಿಗೆ ವಾಪಸು ಬರುತ್ತದೆ, ನಡುವೆ ಎದೆಯೆತ್ತರದ ಮಿಷನ್ನು, ಅದರ ಹೊಟ್ಟೆಯೊಳಗೆ ಏನೋ ಗಿರ್ರನೆ ತಿರುಗುತ್ತಿದೆ, ತಿರುಗಿ ತಿರುಗಿ ನನ್ನ ರಕ್ತವನ್ನು ಪದರ ಪದರವಾಗಿ ಬಿಡಿಸಿ, ತನಗೆ ಬೇಕಾದ ಒಂದು ಪದರ ಎತ್ತಿಕೊಂಡು ಉಳಿದದ್ದನ್ನು ನನಗೇ ಕೊಡುತ್ತಿದೆ, ತಿರುಗುವುದರ ಸದ್ದು ನನಗೇನೂ ಹೊಸದಲ್ಲ, ಹದಿಮೂರು ವರ್ಷದಿಂದ ಚನ್ನಪಟ್ಟಣದ ಗೊಂಬೆ ಕಾರ್ಖಾನೆಯಲ್ಲಿ ಇಂಥದೇ ಸದ್ದಿನ ಮುಂದೆ ಕೂತವಳು, ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಬಿಸಿಗೆ ಬಣ್ಣ ಕರಗಿ ಮೆತ್ತಿಕೊಳ್ಳುತ್ತದೆ, ಮೇಲೆ ತಾಳೆಗರಿ ಒತ್ತಿದರೆ ಹೊಳೆಯುತ್ತದೆ, ಅಲ್ಲಿ ಒತ್ತುವ ಕೈ ನನ್ನದು, ಇಲ್ಲಿ ತಿರುಗುವ ಮರ ನಾನೇ. ಕೈ ಮಡಿಸಬೇಡಿ ಅಕ್ಕ, ಮಡಿಸಿದ್ರೆ ಈ ಮಿಷನ್ನು ಅತ್ತೆ ಥರ ಕೂಗಾಡ್ತದೆ, ಅಂದಳು ಕೆಹಕಶಾನ್, ಈ ಕೋಣೆಯ ನರ್ಸು, ಅವಳದೂ ಚನ್ನಪಟ್ಟಣವೇ, ಅವಳ ತಾತ ಗಿಲಕಿ ಮಾಡುತ್ತಿದ್ದವರಂತೆ, ಐದು ಗಂಟೆ ಹೀಗೇ ಇರಬೇಕಂತೆ, ಆಗಲೇ ಮೂಗು ತುರಿಸಿತು, ಹೇಳಲು ನಾಚಿಕೆ, ಮುಖ ನೋಡಿ ಅವಳೇ ತುರಿಸಿದಳು, ಇನ್ನೇನೇನ್ ತುರಿಸ್ತದೆ ಎಲ್ಲಾ ಒಂದೇ ಸಲ ಹೇಳ್ಬುಡಿ ಅಂತ ನಕ್ಕಳು, ನಾನೂ ನಕ್ಕೆ, ನಕ್ಕಾಗ ಎದೆಮೂಳೆ ನೊಂದಿತು. ಬಾಗಿಲಿನ ಗಾಜಿನಾಚೆ ಅವ್ವನ ಮುಖ, ಬಂದು ಇಣುಕಿ ಹೋಗುತ್ತದೆ, ಮತ್ತೆ ಬರುತ್ತದೆ, ನನ್ನನ್ನು ನೋಡುವುದಿಲ್ಲ ಅದು, ನನ್ನ ತಲೆಯ ಮೇಲೆ ತೂಗುಹಾಕಿದ ಚೀಲವನ್ನು ನೋಡುತ್ತದೆ, ಎಷ್ಟು ತುಂಬಿತು ಅಂತ.

ಆ ಚೀಲ ತುಂಬಿದರೆ ಕುಮಾರ ಬದುಕುತ್ತಾನೆ. ಕುಮಾರ ಅಂದರೆ ಜಯಕುಮಾರ, ನನ್ನ ತಮ್ಮ, ನನಗಿಂತ ಎಂಟು ವರ್ಷಕ್ಕೆ ಚಿಕ್ಕವನು, ಇದೇ ಮಹಡಿಯ ಆ ತುದಿಯ ಕೋಣೆಯಲ್ಲಿದ್ದಾನೆ, ಗಾಜಿನ ಕೋಣೆ, ಮಾಸ್ಕು ಹಾಕದೆ ಯಾರೂ ಒಳಗೆ ಹೋಗುವ ಹಾಗಿಲ್ಲ, ಅವನ ಮೈಯೊಳಗಿನ ಕೆಟ್ಟ ಮಜ್ಜೆಯನ್ನು ಔಷಧಿ ಕೊಟ್ಟು ಮಲಗಿಸಿ ಒಂದು ವಾರವಾಯಿತು, ಈಗ ಅವನೊಂದು ಬಿತ್ತನೆಗೆ ಕಾಯುವ ಹೊಲ, ಬಿತ್ತನೆ ಬೀಜ ನನ್ನಲ್ಲಿ. ಹಾಗಂತ ಹೇಳಿದ್ದು ಡಾಕ್ಟರಮ್ಮ, ನನಗೆ ಅರ್ಥವಾಗಲಿ ಅಂತ, ಮೂಳೆಯೊಳಗೆ ಮಜ್ಜೆ ಇರ್ತದೆ, ಅದರೊಳಗೆ ರಕ್ತ ಹುಟ್ಟಿಸೋ ಕಣ, ಸ್ಟೆಮ್ ಸೆಲ್ ಅಂತೀವಿ, ಬೀಜ ಅಂದ್ಕೊಳ್ಳಿ, ಅವು ಸುಮ್ಮಸುಮ್ಮನೆ ಮನೆ ಬಿಟ್ಟು ಹೊರಗೆ ಬರಲ್ಲ, ಐದು ದಿನ ಇಂಜೆಕ್ಷನ್ ಕೊಟ್ಟು ಅವನ್ನು ಎಬ್ಬಿಸಿ ರಕ್ತಕ್ಕೆ ಇಳಿಸ್ತೀವಿ, ಆಮೇಲೆ ಮಿಷನ್ನು ಆರಿಸ್ಕೊಳ್ತದೆ. ಆ ಇಂಜೆಕ್ಷನ್ನ ಅವನಿಗೇ ಕೊಟ್ಟು ಅವನದನ್ನೇ ಎಬ್ಬಿಸಬಾರದಾ ಅಂತ ಕೇಳಿದ್ದೆ ಪೆದ್ದಿಯ ಹಾಗೆ, ಅವನ ಬೀಜವೇ ಕೆಟ್ಟಿದೆಯಲ್ಲಮ್ಮ, ಮೇಲಾಗಿ ಈ ಇಂಜೆಕ್ಷನ್ನು ಅವನಿಗೆ ಕೊಟ್ಟರೆ ರಕ್ತನಾಳ ಕಟ್ಟಿಕೊಂಡು ಪ್ರಾಣಕ್ಕೇ ಬರುತ್ತೆ, ಅಂದರು. ನಾಲ್ಕು ದಿನ ಚನ್ನಪಟ್ಟಣದ ಕ್ಲಿನಿಕ್ಕಿನಲ್ಲಿ ಹೊಟ್ಟೆಯ ಚರ್ಮಕ್ಕೆ ಚುಚ್ಚಿಸಿಕೊಂಡೆ, ಇವತ್ತು ಬಂದ ಕೂಡಲೇ ಇಲ್ಲಿ ಕೊನೆಯದು. ಮೊದಲೆರಡು ದಿನ ಏನಿಲ್ಲ, ಮೂರನೇ ದಿನ ಬೆಳಿಗ್ಗೆ ದೀಪ ಹಚ್ಚಲು ಏಳಹೋದರೆ ಸೊಂಟ ಏಳುತ್ತಿಲ್ಲ, ತೊಡೆಯ ಮೂಳೆ, ಬೆನ್ನಿನ ಕೆಳಗೆ, ಎದೆಯ ನಡುವೆ, ನೋವು ಮೇಲಲ್ಲ, ಮಾಂಸದಲ್ಲಲ್ಲ, ಮೂಳೆಯ ಒಳಗೆ, ಒಳಗಿನಿಂದ ಯಾರೋ ಬಾಗಿಲು ತಟ್ಟುವ ಹಾಗೆ, ಬಿಡಿ ನಮ್ಮನ್ನು ಅನ್ನುವ ಹಾಗೆ, ಗೋಡೆ ಹಿಡಿದು ನಿಂತೆ, ಕಬ್ಬಾಳಮ್ಮನ ಪಟದ ಮುಂದೆ, ತಾಯಿ, ನಿನಗೆ ಕುಂಕುಮ ಇಡುವ ಕೈಯನ್ನೇ ಮೇಲೆತ್ತಲಾರೆನಲ್ಲ — ಆಗ ನೆನಪಾಯಿತು. ಕಾಲೊಳಗೆ ಯಾರೋ ಕೂತವ್ರೆ ಅಮ್ಮ. ಅಮ್ಮು ಅನ್ನುತ್ತಿದ್ದ ಮಾತು. ಕಾಲೊಳಗೆ ಯಾರೋ ಕೂತವ್ರೆ, ತಟ್ಟುತಾವ್ರೆ. ನಾನು ನಕ್ಕಿದ್ದೆ, ನಕ್ಕು, ಬನ್ರಪ್ಪ ಆಚೆಗೆ, ರೊಟ್ಟಿ ಕೊಡ್ತೀವಿ ಅಂತ ಕರಿ ಅವ್ರನ್ನ, ಅಂದಿದ್ದೆ, ಮಗು ತನ್ನ ಮೊಣಕಾಲಿಗೆ ಬಾಯಿ ಹತ್ತಿರ ತಂದು ಕರೆಯಿತು, ಬನ್ರಪ್ಪ ರೊಟ್ಟಿ ಐತೆ. ಕರೆದು ನನ್ನ ಮುಖ ನೋಡಿತು, ಬರ್ನಿಲ್ಲ ಅಮ್ಮ. ಆ ಮಾತು ಆಟವಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿತ್ತು ಅಂತ ತಿಳಿಯಲು ನನಗೆ ಹೊಟ್ಟೆಗೆ ಎರಡು ದಿನ ಸೂಜಿ ಬೇಕಾಯಿತು.

ಅಮೂಲ್ಯ ಅಂತ ಹೆಸರು, ಅಮ್ಮು ಅಂತ ಕರೆಯುವುದು, ನಾಲ್ಕು ವರ್ಷ ಇದ್ದಳು, ಹೋಗಿ ಆರು ವರ್ಷ. ತುಟಿ ಜುಮುಗುಡುತ್ತಿದೆ. ಕೆಹಕಶಾನಿಗೆ ಹೇಳಿದೆ, ರಕ್ತ ಹೆಪ್ಪುಗಟ್ಟದ ಹಾಗೆ ಹಾಕ್ತೀವಲ್ಲ ಅದರಿಂದ, ಸುಣ್ಣದ ಅಂಶ ಕಮ್ಮಿಯಾಗ್ತದೆ ಅಂತ ಮಾತ್ರೆ ಕೊಟ್ಟಳು, ಸೀಮೆಸುಣ್ಣದ ರುಚಿ, ವಾಪಸು ಬರುವ ರಕ್ತ ತಣ್ಣಗಿದೆ, ಬಲಗೈಯಿಂದ ಭುಜಕ್ಕೆ ಚಳಿ ಹತ್ತುತ್ತಿದೆ, ನನ್ನದೇ ರಕ್ತ, ಇಷ್ಟು ಬೇಗ ಹೊರಗಿನದಾಗಿಬಿಟ್ಟಿತಲ್ಲ. ನಮ್ಮ ಮನೆಯಲ್ಲಿ, ದೊಡ್ಡಆಲಹಳ್ಳಿಯ ಮನೆಯಲ್ಲಿ, ಕೆಟ್ಟದ್ದರ ಹೆಸರು ಹೇಳುವ ಪದ್ಧತಿಯಿಲ್ಲ, ದೀಪ ಹಚ್ಚಿದ ಮೇಲೆ ಹಾವಿಗೆ ಹುಳ ಅನ್ನಬೇಕು, ಸಿಡುಬಿಗೆ ಅಮ್ಮ ಬಂದವ್ಳೆ ಅನ್ನಬೇಕು, ಹೆಸರು ಹಿಡಿದರೆ ಕರೆದ ಹಾಗೆ, ಕರೆದರೆ ಬರುತ್ತದೆ. ಕುಮಾರನನ್ನು ಒಂಬತ್ತನೇ ವರ್ಷದಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಿ ಬಂದ ಅವ್ವ ಅಪ್ಪ ಅವನಿಗಿರುವುದಕ್ಕೆ ಅದು ಅಂದರು, ಊರಿಗೆ ವಾತ ಅಂದರು, ನನಗೂ ವಾತ ಅಂದರು. ಅದಕ್ಕೊಂದು ಹೆಸರಿತ್ತು, ಸಿಕಲ್ ಸೆಲ್, ರಕ್ತದ ಕಣ ದುಂಡಗಿರುವ ಬದಲು ರಾಗಿ ಕೊಯ್ಯುವ ಕುಡ್ಲಿನ ಹಾಗೆ ಬಾಗುತ್ತದೆ, ಬಾಗಿ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ, ಸಿಕ್ಕಿದ ಕಡೆ ನೋವು, ಇಷ್ಟೇ, ಹೇಳಲು ಒಂದು ನಿಮಿಷ ಸಾಕು, ಅವರಿಗೆ ಹದಿನಾರು ವರ್ಷ ಸಾಲಲಿಲ್ಲ. ಯಾಕೆ ಹೇಳಲಿಲ್ಲ ಅಂದರೆ ಆ ಆಸ್ಪತ್ರೆಯಲ್ಲಿ ಯಾರೋ ಕೇಳಿದರಂತೆ, ನಿಮ್ಮ ವಂಶದಲ್ಲಿ ಕಾಡಿನ ಕಡೆಯವರು ಇದ್ದಾರಾ, ಅಲ್ಲಿಯವರಲ್ಲಿ ಇದು ಜಾಸ್ತಿ ಅಂತ, ಅಪ್ಪನ ಮೀಸೆ ಅಲ್ಲೇ ಬಿತ್ತು. ಎಂಟೆಕರೆ ಹೊಲ, ಊರಿನ ದೇವಸ್ಥಾನದಲ್ಲಿ ಮೊದಲ ಮಂಗಳಾರತಿ, ಅಂಥವನಿಗೆ ಕಾಡಿನ ಕಡೆಯವರಾ. ಇದ್ದರು ಅಪ್ಪ, ಇದ್ದರಲ್ಲ. ಅಂಕಮ್ಮಜ್ಜಿ, ಅವ್ವನ ಅವ್ವ, ಎಲ್ಲಿಯವಳು, ಕಬ್ಬಾಳಿನ ಬೆಟ್ಟದ ಬೆನ್ನಿಗೆ ಕಾಡಂಚಿನ ದೊಡ್ಡಿಯವಳು, ಯಾವ ಮರದಲ್ಲಿ ಯಾವಾಗ ಜೇನು ಅಂತ ಬಾಯಿಪಾಠ ಹೇಳುತ್ತಿದ್ದವಳು, ನನ್ನ ತಲೆಗೆ ಎಣ್ಣೆ ತಟ್ಟುತ್ತಾ ಕತೆ ಹೇಳುತ್ತಿದ್ದಳು, ಒಂದೂರಲ್ಲಿ ಒಬ್ಬ ತಾಯಿ ಇದ್ಲಂತೆ ಮಗ, ಅವ್ಳಿಗೆ ಎರಡು ದೀಪ, ಎಣ್ಣೆ ಒಂದಕ್ಕೇ, ಯಾವ್ದುಕ್ಕೆ ಹುಯ್ದ್ಲು ಹೇಳು — ಅಲ್ಲಿಗೆ ಅವಳಿಗೇ ತೂಕಡಿಕೆ ಬರುತ್ತಿತ್ತು, ಯಾವುದಕ್ಕೆ ಹುಯ್ದಳು ಅಂತ ಒಂದು ದಿನವೂ ಹೇಳಲಿಲ್ಲ. ಅಪ್ಪ ಅದೇ ಅಜ್ಜಿಯ ಅಣ್ಣನ ಮಗ, ಒಂದೇ ಬಾವಿಯ ನೀರು ಎರಡು ಕಡೆಯಿಂದಲೂ ಬಂತು, ಕುಮಾರನಲ್ಲಿ ಸೇರಿತು, ಇದರಲ್ಲಿ ನಾಚಿಕೆ ಎಲ್ಲಿಂದ ಬಂತೋ ಶಿವನೇ ಬಲ್ಲ, ಜೇನು ಕಂಡ ಕಣ್ಣು ಅಜ್ಜಿಯದು, ಅದನ್ನು ನೆನೆದರೆ ನನಗೆ ಈಗಲೂ ಹೆಮ್ಮೆಯೇ.

ನಾಚಿಕೆ ಮಾಡಿದ ಕೆಲಸ ನೋಡು ತಾಯಿ ಕಬ್ಬಾಳಮ್ಮ. ನನಗೆ ಮದುವೆಯ ವಯಸ್ಸು ಬಂತು, ಮಾಗಡಿ ಕಡೆಯಿಂದ ಒಂದು ಸಂಬಂಧ ಬಂತು, ಟೀಚರ್ ಕೆಲಸದ ಹುಡುಗ, ಜಾತಕವೂ ಕೂಡಿತ್ತು, ಒಳಗೆ ಅವ್ವ ಅಪ್ಪ ಏನು ಮಾತಾಡಿಕೊಂಡರೋ, ಹೊರಗೆ ಕೊಟ್ಟರೆ ಕುಮಾರನ ವಿಷಯ ಹೊರಗೆ ಹೋಗುತ್ತದೆ, ನಾಳೆ ಅವಳು ಅತ್ತೆಮನೆಯಲ್ಲಿ ಬಾಯಿಬಿಟ್ಟರೆ, ಆದ್ದರಿಂದ ಒಳಗೇ ಇರಲಿ, ಮುನಿಕೃಷ್ಣನಿಗೇ ಕೊಡೋಣ — ಮುನಿಕೃಷ್ಣ ಅಂದರೆ ಅವ್ವನ ತಮ್ಮ, ನನ್ನ ಸೋದರಮಾವ, ನಾನು ಹುಟ್ಟಿದಾಗ ನನ್ನನ್ನು ಎತ್ತಿಕೊಂಡು ಊರೆಲ್ಲ ತೋರಿಸಿ ಬಂದವನು. ಒಳ್ಳೆಯವನು ಮಾವ, ಕೆಟ್ಟದ್ದು ಮಾಡಿದವನಲ್ಲ, ಅವನಿಗೂ ಏನೂ ಗೊತ್ತಿರಲಿಲ್ಲ, ಹಾರೋಹಳ್ಳಿಯ ಕಾರ್ಖಾನೆಗೆ ಚನ್ನಪಟ್ಟಣದಿಂದ ಓಡಾಡುತ್ತಿದ್ದ, ಈಗ ಅಲ್ಲೇ ಒಂದು ರೂಮು, ಹಬ್ಬಕ್ಕೆ ಬರುತ್ತಾನೆ, ಬಂದರೆ ಅಮ್ಮುವಿನ ಫೋಟೋ ಇರುವ ಗೋಡೆಗೆ ಬೆನ್ನುಹಾಕಿ ಊಟಕ್ಕೆ ಕೂರುತ್ತಾನೆ. ರೋಗವನ್ನು ಮುಚ್ಚಿಡಲು ಒಳಗೇ ಮದುವೆ ಮಾಡಿದರು, ಒಳಗೇ ಮಾಡಿದ್ದರಿಂದ ರೋಗ ಬಂತು. ಮಾಗಡಿಯ ಆ ಟೀಚರಿಗೆ ಕೊಟ್ಟಿದ್ದರೆ, ನನ್ನ ಮಗುವಿಗೆ ನನ್ನ ಕಡೆಯಿಂದ ಒಂದು ಪಾಲು ಬಂದರೂ ಬರುತ್ತಿತ್ತು, ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ರೋಗ, ಒಂದು ಪಾಲು ಇದ್ದರೆ ಏನೂ ಆಗುವುದಿಲ್ಲ, ನನಗಿದೆಯಲ್ಲ, ಏನಾಗಿದೆ, ಗಟ್ಟಿಮುಟ್ಟಾಗಿದ್ದೇನೆ, ಎಷ್ಟು ಗಟ್ಟಿ ಅಂದರೆ ಆರಿಸಿ ತಂದು ಮಲಗಿಸಿದ್ದಾರೆ.

ಅಮ್ಮುವಿನ ಬೆರಳು. ಎರಡು ವರ್ಷ ತುಂಬುವ ಮುಂಚೆಯೇ, ಒಂದು ಬೆಳಿಗ್ಗೆ ಎರಡೂ ಕೈಯ ಬೆರಳು ಊದಿಕೊಂಡವು, ಒಂದೊಂದೂ ದುಂಡಗೆ, ಬಿಗಿಯಾಗಿ, ಮಿಷನ್ನಿನಿಂದ ಆಗತಾನೆ ಇಳಿಸಿದ ಗುಂಡುಗೊಂಬೆಗಳ ಹಾಗೆ, ಮುಟ್ಟಿದರೆ ಬಿಸಿ, ದೃಷ್ಟಿ ಅಂದರು, ಮೆಣಸಿನಕಾಯಿ ನಿವಾಳಿಸಿದರು. ನಾನು ಕಾರ್ಖಾನೆಗೆ, ಮಾವ ಹಾರೋಹಳ್ಳಿಗೆ, ಮಗು ಅವ್ವನ ಹತ್ತಿರ ದೊಡ್ಡಆಲಹಳ್ಳಿಯಲ್ಲಿ, ಭಾನುವಾರ ನಾನು ಹೋಗುವುದು, ಕುಮಾರ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಸ್ಸಿನ ಹತ್ತಿರ ಬರುತ್ತಿದ್ದ, ಒಂದು ಭಾನುವಾರ ಅವನೇ ಆ ಬೆರಳುಗಳನ್ನು ತನ್ನ ಅಂಗೈಲಿಟ್ಟು ನೋಡಿ, ನನ್ನಂಗೇ ಐತಲ್ಲವ್ವ, ಅಂದ, ಅವ್ವ ತಟ್ಟನೆ, ಮುಚ್ಚೋ ಬಾಯಿ, ಬುಡ್ತು ಅನ್ನು, ಅಂದಳು, ಅವನು ಬುಡ್ತು ಅಂದ, ನಾನು ಪಕ್ಕದಲ್ಲೇ ಹುರುಳಿ ಆರಿಸುತ್ತಾ ಕೂತಿದ್ದೆ, ಮಕ್ಕಳಿಗೆ ಹೋಲಿಕೆ ಹೇಳಿದರೆ ಆಯಸ್ಸು ಕಮ್ಮಿ ಅಂತ ಅವ್ವ ಗದರಿದಳು ಅಂದುಕೊಂಡೆ, ಕಲ್ಲು ಆರಿಸಿದೆ, ಕಣ್ಣೆದುರಿಗಿದ್ದ ಕಲ್ಲು ಆರಿಸಲಿಲ್ಲ. ಆಮೇಲೆ ಕಣ್ಣು ಹಳದಿಯಾಗುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು, ಕಾಮಾಲೆ ಅಂತ ಮುನಿಶಾಮಯ್ಯನ ಹತ್ತಿರ ಕರೆದುಕೊಂಡು ಹೋದರು, ಸೊಪ್ಪಿನ ರಸ ಕೊಟ್ಟು ತೋಳಿಗೆ ಬರೆ ಹಾಕುವವನು, ಮುದುಕ, ದೇವರಂಥವನು, ಹಾಕುವಾಗ ಅವನ ಕಣ್ಣಲ್ಲೇ ನೀರು, ಮೂರನೇ ಸಲ ಹೋದಾಗ ಸೌಟು ಒಲೆಗಿಡದೆ, ಇದು ನನ್ನ ಕೈಗೆ ಸಿಕ್ಕ ಕಾಮಾಲೆ ಅಲ್ಲ ಕಣ್ರವ್ವ, ದೊಡ್ಡಾಸ್ಪತ್ರೆಗೆ ತೋರ್ಸಿ, ಅಂದನಂತೆ, ಅವ್ವನೇ ನನಗೆ ಹೇಳಿದಳು, ಹೇಳಿ, ನೋಡಾನ ಬುಡು, ಅಂದಳು. ಬರೆ ಹಾಕುವ ಮುದುಕನಿಗೆ ಅಷ್ಟು ತಿಳಿಯಿತು.

ಜ್ವರ ಬಂದದ್ದು ಸೋಮವಾರ. ನನಗೆ ಅವ್ವನ ಫೋನು ಬಂದದ್ದು ಬುಧವಾರ ಮಧ್ಯಾಹ್ನ, ಒಸಿ ಬಂದೋಗು ಮಣಿ, ಮಗ ನಿನ್ನ ಕೇಳ್ತದೆ, ಅಷ್ಟೇ. ನಾನು ಹೋಗುವಷ್ಟರಲ್ಲಿ ಹೊಟ್ಟೆಯ ಎಡಗಡೆ ಕಲ್ಲಿನಂತೆ ಊದಿತ್ತು, ತುಟಿ ಸುಣ್ಣ, ಸೋಮವಾರದಿಂದ ಕಬ್ಬಾಳಮ್ಮನ ತೀರ್ಥ ಕುಡಿಸಿದ್ದರು, ನಿನ್ನ ತೀರ್ಥದ ಮೇಲೆ ನನಗೆ ದೂರಿಲ್ಲ ತಾಯಿ, ನೀನು ತೀರ್ಥ ಕೊಡುವವಳು, ಆಸ್ಪತ್ರೆಗೆ ಹೋಗಬೇಡಿ ಅಂದವಳಲ್ಲ. ಆಟೋದಲ್ಲಿ ಕನಕಪುರಕ್ಕೆ, ಎತ್ತಿಕೊಂಡರೆ ಹತ್ತಿಯ ಹಾಗೆ ಹಗುರ, ದಾರಿಯಲ್ಲಿ ಒಮ್ಮೆ ಕಣ್ಣುಬಿಟ್ಟು ನನ್ನ ಬಳೆ ಮುಟ್ಟಿದಳು, ಆ ದುಂಡು ಬೆರಳಲ್ಲಿ, ಆಸ್ಪತ್ರೆಯ ಬಾಗಿಲಿಗೆ ಹೋದಾಗ ಮುಟ್ಟಿದ್ದ ಬೆರಳು ಹಾಗೇ ಇತ್ತು, ಅಷ್ಟೇ. ಮೈಯ ರಕ್ತವೆಲ್ಲ ಎಡಗಡೆಯ ಗುಲ್ಮದೊಳಗೆ ನಿಂತುಬಿಟ್ಟಿದೆ ಅಂದ ಅಲ್ಲಿನ ಡಾಕ್ಟರು, ಮೊದಲ ದಿನವೇ ತಂದಿದ್ದರೆ ರಕ್ತ ಕೊಟ್ಟು ನೋಡಬಹುದಿತ್ತು, ಇವಳಿಗೆ ಮುಂಚೆಯಿಂದ ಏನಾದರೂ ಇತ್ತಾ, ಅಂತ ನನ್ನನ್ನು ಕೇಳಿದ, ಏನೂ ಇರಲಿಲ್ಲ ಸಾರ್ ಅಂದೆ, ನಾನೇ, ನನ್ನ ಬಾಯಲ್ಲೇ. ಅವ್ವ ಪಕ್ಕದಲ್ಲಿದ್ದಳು.

ಅರ್ಧ ಆಯ್ತು ಅಕ್ಕ, ಚೆನ್ನಾಗ್ ಬತ್ತಾ ಐತೆ, ಅಂತ ಕೆಹಕಶಾನ್ ಚೀಲವನ್ನು ಮೆಲ್ಲಗೆ ತೂಗಿ ಅಲುಗಿಸಿದಳು, ಟೊಮೇಟೊ ಸಾರಿನ ಬಣ್ಣ, ಇದಾ ಬೀಜ, ಇಷ್ಟು ತೆಳ್ಳಗಾ. ಹೋದ ಶ್ರಾವಣದಲ್ಲಿ ಕುಮಾರನಿಗೆ ಎದೆಗೆ ಬಂದು ಹನ್ನೊಂದು ದಿನ ಐಸಿಯುನಲ್ಲಿದ್ದು ಎದ್ದ, ಇನ್ನೊಂದು ಸಲ ಹೀಗಾದರೆ ಉಳಿಯುವುದಿಲ್ಲ, ಒಡಹುಟ್ಟಿದವರ ಮಜ್ಜೆ ಹೊಂದಿದರೆ ಕಸಿ ಮಾಡಬಹುದು ಅಂದರು, ಆಗ ನನ್ನ ನೆನಪಾಯಿತು ಮನೆಗೆ. ಒಂದು ಸಣ್ಣ ರಕ್ತಪರೀಕ್ಷೆ ಕಣವ್ವ ಅಂದಳು ಅವ್ವ, ಕೊಟ್ಟೆ, ತಿಂಗಳಾದ ಮೇಲೆ ಡಾಕ್ಟರಮ್ಮ ಕರೆಸಿ, ಹತ್ತಕ್ಕೆ ಹತ್ತು ಹೊಂದಿದೆ ಲತಾಮಣಿ, ನಾಲ್ಕರಲ್ಲಿ ಒಬ್ಬರಿಗೆ ಸಿಗೋ ಭಾಗ್ಯ ಇದು, ಅಂದರು, ನಾನು ಯಾವ ಪರೀಕ್ಷೆಯಲ್ಲೂ ಹತ್ತಕ್ಕೆ ಹತ್ತು ತೆಗೆದವಳಲ್ಲ. ಆಮೇಲೆ ಹಾಳೆ ತೆಗೆದು ಚಿತ್ರ ಬರೆದರು, ದುಂಡು ಕಣ, ಕುಡ್ಲು ಕಣ, ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು, ಎರಡೂ ಬಂದರೆ ರೋಗ, ನಿಮಗೆ ಒಂದೇ ಪಾಲಿದೆ, ಕೊಡಲು ತೊಂದರೆಯಿಲ್ಲ, ಮಕ್ಕಳಿಗೆ ಬೆರಳು ಊದುತ್ತೆ, ಕಣ್ಣು ಹಳದಿ, ಮೂಳೆನೋವು, ಗುಲ್ಮ ಊದುತ್ತೆ — ಪೆನ್ನು ಹಿಡಿದ ಕೈ ಹೇಳುತ್ತಾ ಹೋಯಿತು, ಯಾರೋ ನನ್ನ ಮಗುವಿನ ಜೀವನಚರಿತ್ರೆ ಓದುತ್ತಿದ್ದರು. ಅಂದಹಾಗೆ ನಿಮಗೆ ಮಕ್ಕಳಿದ್ದಾರಾ, ಇದ್ದರೆ ತಪ್ಪದೆ ಪರೀಕ್ಷೆ ಮಾಡಿಸಬೇಕು, ಅಂದರು. ಇದ್ದಳು, ಅಂದೆ.

ಹೊರಗೆ ಬೆಂಚಿನ ಮೇಲೆ ಅವ್ವ ಎಲೆಅಡಿಕೆ ಜಗಿಯದೆ ಬಾಯಲ್ಲೇ ಇಟ್ಟುಕೊಂಡು ಕೂತಿದ್ದಳು, ಎದುರಿಗೆ ನಿಂತೆ. ಅಮ್ಮೂಗೂ ಇದೇ ಇತ್ತು ಅಂತ ನಿಂಗೆ ಗೊತ್ತಿತ್ತಾ ಅವ್ವ. ಕುಮಾರಂದು ಗೊತ್ತಿತ್ತು ಕಣವ್ವ, ಮುಚ್ಚಿಟ್ಟೊ, ತಪ್ಪಾಯ್ತು, ನಿಮ್ಮಪ್ಪ ಹೇಳ್ಬ್ಯಾಡ ಅಂದಿದ್ರು, ಮಗೀಗೂ ಅದೆ ಅಂತ ಗೊತ್ತಿರ್ನಿಲ್ಲ, ಕಬ್ಬಾಳಮ್ಮನಾಣೆ ಗೊತ್ತಿರ್ನಿಲ್ಲ. ಕಬ್ಬಾಳಮ್ಮನಾಣೆ ಅಂದಳು. ವಾರಕ್ಕೊಂದು ಒಪ್ಪತ್ತು ಮಾಡುವ ಅವ್ವ, ಬೆಟ್ಟ ಹತ್ತಲಾಗದಿದ್ದರೂ ಬುಡದಲ್ಲಿ ಕೂತು ಕೈಮುಗಿದು ಬರುವ ಅವ್ವ, ಆ ಹೆಸರಲ್ಲಿ ಸುಳ್ಳು ಹೇಳಿದವರ ನಾಲಿಗೆ ಏನಾಗುತ್ತದೆ ಅಂತ ನಮಗೆ ಕಲಿಸಿದವಳೇ ಅವಳು, ಅದೊಂದರ ಮೇಲೆ ನಾನು ನಿಂತೆ. ಗೊತ್ತಿಲ್ಲದೆ ಆದದ್ದು ಅಂದರೆ ಅದೊಂದು ಥರ, ಗೊತ್ತಿದ್ದೂ ಅಂದರೆ ಬೇರೆಯೇ, ಎರಡಕ್ಕೂ ನಡುವೆ ನನ್ನ ಮಗು ಮಲಗಿದೆ. ಡಾಕ್ಟರಮ್ಮ ಇನ್ನೊಂದು ದಿನ ನನ್ನೊಬ್ಬಳನ್ನೇ ಕೂರಿಸಿಕೊಂಡು ಬಾಗಿಲು ಹಾಕಿ ಕೇಳಿದರು, ನಿಮಗೆ ನಿಜವಾಗಿ ಮನಸ್ಸಿದೆಯಾ, ಇಲ್ಲದಿದ್ದರೆ ಈಗಲೇ ಹೇಳಿ, ನಿಮ್ಮ ಆರೋಗ್ಯ ಸರಿಹೊಂದುತ್ತಿಲ್ಲ ಅಂತ ನಾವೇ ಮನೆಯವರಿಗೆ ಹೇಳುತ್ತೇವೆ, ಕಾರಣ ಯಾರಿಗೂ ಗೊತ್ತಾಗಲ್ಲ, ಅವನಿಗೆ ಔಷಧಿ ಶುರುಮಾಡಿದ ಮೇಲೆ ಮಾತ್ರ ಹಿಂದೆ ಸರಿಯುವ ಹಾಗಿಲ್ಲ. ಎಷ್ಟು ನಯವಾಗಿ ಕೊಟ್ಟರು ಆ ಕತ್ತಿಯನ್ನು. ಹಿಡಿದು ನೋಡಿದೆ, ಸುಳ್ಳೇಕೆ ಹೇಳಲಿ ತಾಯಿ, ಹಿಡಿದು ನೋಡಿದೆ, ಹರಿತ ನೋಡಿದೆ, ಒಂದು ಮಾತು, ಆಗಲ್ಲ ಅಂತ, ಅಷ್ಟೇ ಸಾಕಿತ್ತು, ಅವ್ವನಿಗೂ ತಿಳಿಯುತ್ತಿತ್ತು ಕೈಯಲ್ಲಿ ಮಗು ಹಗುರಾಗುವುದು ಹೇಗೆ ಅಂತ. ಕೊಡುತ್ತೇನೆ ಮೇಡಂ, ಅಂದೆ. ಅವ್ವನಿಗೆ ಗೊತ್ತಿರಲಿಲ್ಲವಲ್ಲ, ಆಣೆ ಮಾಡಿದಳಲ್ಲ.

ಕುಮಾರನದೇನು ತಪ್ಪು, ಬೆಳಿಗ್ಗೆ ನಾನು ಇಲ್ಲಿ ಮಲಗುವ ಮುಂಚೆ ಗಾಜಿನಾಚೆಯಿಂದ ಫೋನಿನಲ್ಲಿ ಮಾತಾಡಿದ, ತಲೆಕೂದಲು ಹೋಗಿ ತಿರುಪತಿಯಿಂದ ಬಂದವನ ಹಾಗಿದ್ದಾನೆ, ಅಕ್ಕೋ, ನಿನ್ ರಕ್ತ ಬಂದ್ರೆ ನಂಗೂ ನಿನ್ನಂಗೆ ಮೂಗಿನ್ ಮೇಲೆ ಸಿಟ್ಟು ಬತ್ತದಾ, ಬಂದ್ರೆ ಯಾವ ಹೆಣ್ಣು ಮದ್ವೆ ಆಗ್ತಾಳೆ ನನ್ನ, ಅಂದ, ನಿನ್ನ ಈಗ್ಲೂ ಯಾರೂ ಕೇಳ್ನಿಲ್ಲ ಬುಡೋ ಅಂದೆ, ನಗುತ್ತಾ ನಗುತ್ತಾ ಅವನ ಮುಖ ಕೆಳಗಾಯಿತು, ಅಮ್ಮೂ ವಿಷ್ಯ ನಾನಾದ್ರೂ ಹೇಳ್ಬೇಕಾಗಿತ್ತು ಅಕ್ಕ, ಬುಡ್ತು ಅಂದ್ಬುಟ್ಟೆ, ಅಂದ. ಮಾಸ್ಕಿನ ಮೇಲೆ ಅವನ ಕಣ್ಣು, ಬಿಳಿಯಲ್ಲ, ಹಳದಿ, ಅದೇ ಹಳದಿ. ನಾನು ಗಾಜಿಗೆ ಅಂಗೈ ಇಟ್ಟೆ, ಅವನೂ ಇಟ್ಟ, ಗಾಜು ತಣ್ಣಗಿತ್ತು. ಅವನೊಬ್ಬನಾದರೂ ಹೇಳಿದ, ಕೇಳದೆ ಹೇಳಿದ. ಬದುಕಲಿ, ನೋವಿಲ್ಲದ ಒಂದು ಬೆಳಗು ನೋಡಲಿ, ಅವನ ಕಾಲೊಳಗೆ ಕೂತವರು ಎದ್ದು ಹೋಗಲಿ, ಮನಸ್ಸಿನಿಂದಲೇ ಅನ್ನುತ್ತಿದ್ದೇನೆ ತಾಯಿ, ಮನಸ್ಸಿನ ಒಂದು ಮೂಲೆ ಅನ್ನದೆ ಸುಮ್ಮನಿದ್ದರೆ ಅದನ್ನು ನೀನೇ ನೋಡಿಕೋ.

ಮಿಷನ್ನು ನಿಂತಿತು. ನಿಂತಾಗಲೇ ಅದು ಎಷ್ಟು ಸದ್ದು ಮಾಡುತ್ತಿತ್ತು ಅಂತ ತಿಳಿಯುವುದು, ಕೆಹಕಶಾನ್ ಚೀಲ ಬಿಗಿದು, ಹೆಸರು ಬರೆದ ಚೀಟಿ ಅಂಟಿಸಿ, ಸ್ವಲ್ಪವನ್ನು ಎಣಿಕೆಗೆ ಕಳಿಸಿದಳು, ಎಣಿಕೆ ಕಮ್ಮಿ ಬಂದರೆ ನಾಳೆ ಇನ್ನೊಮ್ಮೆ ಮಲಗಬೇಕು ಅಂತ ಮೊದಲೇ ಹೇಳಿದ್ದರು, ಸೂಜಿ ಹಾಗೇ ಇದ್ದವು, ಕಾದೆವು, ನಾನು ಒಳಗೆ, ಅವ್ವ ಗಾಜಿನಾಚೆ, ಕಿಟಕಿಯ ಮಂಜು ಯಾವಾಗಲೋ ಹೋಗಿ ಬಿಸಿಲು ಬಿದ್ದಿತ್ತು, ಮುಕ್ಕಾಲು ಗಂಟೆಯಾದ ಮೇಲೆ ಡಾಕ್ಟರಮ್ಮನೇ ಬಂದರು, ಸಾಕು, ಬೇಕಾದ್ದಕ್ಕಿಂತ ಹೆಚ್ಚೇ ಬಂದಿದೆ, ನಾಳೆ ಬೇಡ, ನಿಮ್ಮ ಕೆಲಸ ಮುಗಿಯಿತು ಲತಾಮಣಿ, ಅಂದರು. ಸೂಜಿ ಕಿತ್ತು ಹತ್ತಿ ಒತ್ತಿದರು. ಚೀಲವನ್ನು ನೀಲಿ ಡಬ್ಬಿಯಲ್ಲಿಟ್ಟು ಒಬ್ಬ ನರ್ಸು ಎತ್ತಿಕೊಂಡು ಹೋದಳು, ಬಾಗಿಲ ಹತ್ತಿರ ಅವ್ವ ಪಕ್ಕಕ್ಕೆ ಸರಿದು ದಾರಿಬಿಟ್ಟು ಡಬ್ಬಿಗೆ ಕೈಮುಗಿದಳು, ಅದರ ಹಿಂದೆಯೇ ನಾಲ್ಕು ಹೆಜ್ಜೆ ಹೋದಳು, ನಿಂತಳು, ಆ ತುದಿಯ ಬಾಗಿಲು ತೆರೆದು ಮುಚ್ಚಿದ ಸದ್ದು ಇಲ್ಲಿಗೇ ಕೇಳಿಸಿತು, ಆಮೇಲೆ ತಿರುಗಿ ಒಳಗೆ ಬಂದಳು. ಬಂದು ಸ್ಟೂಲು ಎಳೆದು ಪಕ್ಕದಲ್ಲಿ ಕೂತಳು, ಕೆಹಕಶಾನ್ ಟೀ ತರ್ತೀನಿ ಅಂತ ಹೋದಳು, ಅವ್ವ ಕುಪ್ಪಸದೊಳಗಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದಳು, ಮಡಿಸಿ ಮಡಿಸಿ ಅದರ ಮಡಿಕೆಗಳು ಬಿಳಚಿಕೊಂಡಿದ್ದವು, ನನ್ನ ಜೋಮು ಹಿಡಿದ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಲಿಟ್ಟು, ಮತ್ತೆ ಬೆರಳು ಮುಚ್ಚಿದಳು. ಇದು ನಿನ್ನತ್ರ ಇರ್ಬೇಕಾಗಿದ್ದು ಕಣವ್ವ, ಅಂದಳು. ಎದ್ದು ಕಿಟಕಿಯ ಹತ್ತಿರ ಹೋಗಿ ನನಗೆ ಬೆನ್ನು ಮಾಡಿ ನಿಂತಳು. ಕವರಿನೊಳಗೆ ಒಂದು ಹಳದಿ ಕಾರ್ಡು, ದೊಡ್ಡಆಲಹಳ್ಳಿ ಶಾಲೆಯಲ್ಲಿ ನಡೆದ ರಕ್ತಪರೀಕ್ಷೆ ಶಿಬಿರ ಅಂತ ಮೊಹರು, ಹೆಸರು ಅಮೂಲ್ಯ, ತಾಯಿ ಲತಾಮಣಿ, ವಯಸ್ಸು ಮೂರು, ಮೂರು, ಕುಡಗೋಲು ಕಣ ರೋಗ ಇದೆ ಅಂತ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದು ಸುತ್ತ ಗೆರೆ ಹಾಕಿದೆ, ಕರೆತಂದವರು ಅಜ್ಜಿ, ವಿವರಿಸಿ ಹೇಳಲಾಗಿದೆ, ಸಹಿ ಬೋರಮ್ಮ, ನಮ್ಮ ಅವ್ವನದೇ, ನಾಲ್ಕನೇ ಕ್ಲಾಸಿನ ದುಂಡು ಅಕ್ಷರ, ಅಮ್ಮು ಹೋಗುವುದಕ್ಕೆ ಒಂದು ವರ್ಷ ಎರಡು ತಿಂಗಳು ಮುಂಚಿನ ತಾರೀಖು. ಚೀಲ ತುಂಬುವವರೆಗೆ ಕಾದಳು. ಎಣಿಕೆ ಬರುವವರೆಗೆ, ಆ ಬಾಗಿಲು ಮುಚ್ಚುವವರೆಗೆ ಕಾದಳು. ಮೊದಲೇ ಕೊಟ್ಟಿದ್ದರೆ ನಾನು ಮಲಗುತ್ತಿರಲಿಲ್ಲ ಅಂದುಕೊಂಡಳು, ಮಲಗುತ್ತಿದ್ದೆನೇ, ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ, ಅದನ್ನೂ ತೆಗೆದುಕೊಂಡುಬಿಟ್ಟಳು ನನ್ನಿಂದ — ಕಾರ್ಡಿನ ಕೆಳಗಡೆ ಕೆಂಪು ಇಂಕಿನಲ್ಲಿ ಯಾರೋ ಪುಣ್ಯಾತ್ಮರು ಅವಸರವಿಲ್ಲದೆ, ಓದಲು ಬಾರದವರಿಗೂ ಓದಲು ಬರುವ ಹಾಗೆ ಬಿಡಿಬಿಡಿಯಾಗಿ ಬರೆದಿದ್ದಾರೆ, ಜ್ವರ ಬಂದರೆ ಕಾಯಬೇಡಿ, ಅದೇ ದಿನ ಕರೆತನ್ನಿ, ಕಾಯಬೇಡಿ ಅನ್ನುವುದರ ಕೆಳಗೆ ಎರಡು ಗೆರೆ, ಸೋಮವಾರ, ಮಂಗಳವಾರ, ಬುಧವಾರ, ಜ್ವರ ಬಂದರೆ ಕಾಯಬೇಡಿ, ಎರಡು ಕೆಂಪು ಗೆರೆ, ಜ್ವರ ಬಂದರೆ ಕಾಯಬೇಡಿ, ಎರಡು ಗೆರೆ, ಕೆಂಪು, ಜ್ವರ ಬಂದರೆ —